ಆಪತ್ತಿಗೆ ಮೊದಲೇ ಕೊಟ್ಟ ರಕ್ತ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಓದುಗರೇ, ‘ನಮ್ಮವರಿಗೆ ಬೇಕಾದಾಗ ಕೊಟ್ಟರಾಯಿತು’ ಎಂದುಕೊಂಡಿದ್ದರೆ ಒಂದು ಮಾತು ಕೇಳಿ. ಕೊಟ್ಟ ರಕ್ತವನ್ನು ಕೂಡಲೇ ಏರಿಸಲಾಗದು. ಗುಂಪು ನೋಡಬೇಕು, ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮುಗಿಯಬೇಕು. ಹೆರಿಗೆಯಲ್ಲಿ ರಕ್ತಸ್ರಾವವಾಗುತ್ತಿರುವ ತಾಯಿಗೆ ಅಷ್ಟು ಹೊತ್ತಿರುವುದಿಲ್ಲ. ಅವಳನ್ನು ಉಳಿಸುವುದು ಯಾರೋ ಮೊದಲೇ ಕೊಟ್ಟಿಟ್ಟ ರಕ್ತ. ಹಾಗೆಂದು ಹಬ್ಬದಂತೆ ಒಂದೇ ದಿನ ಎಲ್ಲರೂ ಸಾಲುಗಟ್ಟಿದರೂ ಸಾಲದು. ಕೆಂಪು ಕಣ 35ರಿಂದ 42 ದಿನ, ಪ್ಲೇಟ್‌ಲೆಟ್ ಬರೀ 5 ದಿನ ಕೆಡದೆ ಇರುತ್ತವೆ. ತೀವ್ರ ಥಲಸೇಮಿಯಾ ಇರುವ ಮಕ್ಕಳಿಗೋ ಕೆಲವೇ ವಾರಗಳಿಗೊಮ್ಮೆ ರಕ್ತ ಬೇಕು.

‘ಕೊಟ್ಟರೆ ನಿತ್ರಾಣ’ ಎಂಬ ಅಂಜಿಕೆ ಸಹಜ. ಆದರೆ ಸಾಮಾನ್ಯವಾಗಿ ತೆಗೆಯುವುದು 350 ಮಿ.ಲೀ.; ದ್ರವಾಂಶ ಒಂದೆರಡು ದಿನದಲ್ಲಿ, ಕಣಗಳು ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತವೆ. ಅದಕ್ಕೇ ಗಂಡಸರಿಗೆ 3, ಹೆಂಗಸರಿಗೆ 4 ತಿಂಗಳ ಅಂತರದ ನಿಯಮ. ‘ಪುಕ್ಕಟೆ ಕೊಟ್ಟದ್ದಕ್ಕೆ ರೋಗಿಯಿಂದ ದುಡ್ಡೇಕೆ?’ ಎಂಬ ಪ್ರಶ್ನೆಯೂ ನ್ಯಾಯವೇ. ಅದು ಚೀಲ, ಪರೀಕ್ಷೆ, ಶೈತ್ಯ ಸಂಗ್ರಹದ ಖರ್ಚು. ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಬಳಿಕ ದುಡ್ಡಿಗಾಗಿ ರಕ್ತ ಕೊಡುವುದು ನಿಷಿದ್ಧ. 18 ದಾಟಿ ಆರೋಗ್ಯವಾಗಿರುವವರು ವೈದ್ಯರಿಗೆ ತೋರಿಸಿ, ಸರದಿ ಹಂಚಿಕೊಂಡು ಕೊಡಿ. ಕಾಲೇಜು ಮುಚ್ಚಿ ವಿದ್ಯಾರ್ಥಿಗಳ ರಕ್ತದಾನ ಕಡಿಮೆಯಾಗುವ ಬೇಸಿಗೆಯನ್ನು ಮರೆಯಬೇಡಿ. ನಾರಾಯಣಪೇಟೆ ಸೀರೆ ನೇಯುವವರಿಗೆ ಗೊತ್ತು: ಎಳೆಯ ಹಿಂದೆ ಎಳೆ ಬರುತ್ತಿದ್ದರಷ್ಟೇ ಸೀರೆ.