ಲೈಸೆನ್ಸೂ ಬೇಡ, ಕೇಸೂ ಬೇಡ

ಪ್ರಶ್ನೆ: 2022ರಲ್ಲಿ ಸುಪ್ರೀಂ ಕೋರ್ಟ್ ವೇಶ್ಯಾವಾಟಿಕೆಯನ್ನು ಕಾನೂನುಬದ್ಧ ಮಾಡಿತೆಂದು ಟಿ.ವಿ.ಯಲ್ಲಿ ಕೇಳಿದ್ದೆ. ಮತ್ತೆ ಪೊಲೀಸರು ಈಗಲೂ ಹೆಂಗಸರನ್ನು ಹಿಡಿಯುವುದೇಕೆ?
– ಓದುಗರು, ಕೊರಟಗೆರೆ

ಉತ್ತರ: ನೀವು ಕೇಳಿದ ಸುದ್ದಿ ಸರಿಯಲ್ಲ. ಬುದ್ಧದೇವ ಕರ್ಮಾಸ್ಕರ್ ಪ್ರಕರಣದಲ್ಲಿ 2022ರ ಮೇ 19ರಂದು ಕೋರ್ಟ್ ಹೇಳಿದ್ದು, ಈ ಹೆಂಗಸರಿಗೂ ಘನತೆಯ ಬದುಕಿನ ಹಕ್ಕಿದೆ ಎಂದು. ಪೊಲೀಸರು ಬೈದು ಹೊಡೆಯಬಾರದು, ಕಾಂಡೋಮನ್ನು ಸಾಕ್ಷಿ ಮಾಡಬಾರದು ಎಂದಿತು. ಆದರೆ ಒಪ್ಪಿ ತೊಡಗಿದ ವಯಸ್ಕರ ಮೇಲೆ ಕ್ರಮ ಬೇಡವೆಂಬ, ಕೋರ್ಟೇ ನೇಮಿಸಿದ್ದ ಸಮಿತಿಯ ಶಿಫಾರಸಿಗೆ ಕೇಂದ್ರ ಸರ್ಕಾರ ತಕರಾರು ತೆಗೆಯಿತು; ಅದು ಅಲ್ಲಿಗೇ ನಿಂತಿತು.

ವಯಸ್ಕ ಹೆಂಗಸು ಹಣಕ್ಕಾಗಿ ಲೈಂಗಿಕ ಸಂಬಂಧ ಬೆಳೆಸುವುದು ನಮ್ಮಲ್ಲಿ ಅಷ್ಟಕ್ಕೇ ಅಪರಾಧವಲ್ಲ. ಆದರೆ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಅದರ ಸುತ್ತಲಿನದನ್ನೆಲ್ಲ ಅಪರಾಧ ಮಾಡಿಟ್ಟಿದೆ. ಪೂಜಾಸ್ಥಳ, ಶಾಲೆ, ಆಸ್ಪತ್ರೆಯಿಂದ 200 ಮೀಟರ್ ಒಳಗಿದ್ದರೆ 7ನೇ ಕಲಂ. ನಿಮ್ಮ ಪೇಟೆಯಲ್ಲೇ ಒಂದು ಸುತ್ತು ಹಾಕಿ ನೋಡಿ: ಈ ಗೆರೆಯ ಆಚೆ ಎಷ್ಟು ಮನೆ ಉಳಿದಾವು? ಒಬ್ಬಳೇ ಇರಲು ಹೆದರಿ ಇಬ್ಬರು ಒಂದೇ ಮನೆಯಲ್ಲಿ ದಂಧೆ ಮಾಡಿದರೆ ಅದು ವೇಶ್ಯಾಗೃಹ. ವಯಸ್ಸಿಗೆ ಬಂದ ಮಗ ತಾಯಿಯ ದುಡಿಮೆಯಲ್ಲಿ ಉಂಡರೆ 4ನೇ ಕಲಂ. ಗಿರಾಕಿಯನ್ನು ಕರೆದದ್ದಕ್ಕೆ 8ನೇ ಕಲಮಿನಲ್ಲಿ ಹೆಂಗಸಿಗೆ ಮೊದಲ ಸಲವೇ ಆರು ತಿಂಗಳವರೆಗೆ ಜೈಲು. ಅದೇ ತಪ್ಪನ್ನು ಗಂಡಸು ಮಾಡಿದರೆ ಹೆಚ್ಚೆಂದರೆ ಮೂರು ತಿಂಗಳು. ವಕೀಲಿಕೆಯಲ್ಲಿ ಈ ಕಲಂ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. 2023ರಲ್ಲಿ ನಿಮ್ಮ ಕ್ಷೇತ್ರದಿಂದ ಗೆದ್ದ ಜಿ. ಪರಮೇಶ್ವರ ಅವರೇ ಗೃಹ ಸಚಿವರಾದರು. ಕಾಯ್ದೆ ತಿದ್ದುವುದು ಸಂಸತ್ತಿನ ಕೆಲಸ. ಠಾಣೆಯ ನಡವಳಿಕೆ ತಿದ್ದುವುದು ಗೃಹ ಇಲಾಖೆಯ ಕೈಯಲ್ಲಿದೆ. ಆ ಅಹವಾಲನ್ನು ನೀವು ಗೃಹ ಸಚಿವರಿಗೇ ಬರೆಯಿರಿ.

ಪ್ರಶ್ನೆ: ಸರ್ಕಾರವೇ ಲೈಸೆನ್ಸ್ ಕೊಟ್ಟು, ತಪಾಸಣೆ ಮಾಡಿಸಿ, ತೆರಿಗೆ ಹಾಕಿದರೆ ದಲ್ಲಾಳಿಗಳ ಕಾಟ ತಪ್ಪುವುದಿಲ್ಲವೇ?
– ಓದುಗರು, ಮಧುಗಿರಿ

ಉತ್ತರ: ತಪ್ಪುವುದಿಲ್ಲ. ಜರ್ಮನಿ 2002ರಲ್ಲಿ ದಂಧೆಗೆ ಕಾನೂನಿನ ಮಾನ್ಯತೆ ಕೊಟ್ಟು, 2017ರಲ್ಲಿ ನೋಂದಣಿ ಕಡ್ಡಾಯ ಮಾಡಿತು. ಬಹಳ ಮಂದಿ ಹೆಸರು ಬರೆಸದೆ ಹೊರಗೇ ಉಳಿದರು. ಇನ್ನು ನಮ್ಮಲ್ಲಿ, ಗಾರ್ಮೆಂಟ್ಸ್ ಕೆಲಸವೆಂದು ಮನೆಯಲ್ಲಿ ಹೇಳಿ ಬೆಂಗಳೂರಿನ ಬಸ್ ಹತ್ತುವವಳು ಸರ್ಕಾರಿ ಪುಸ್ತಕದಲ್ಲಿ ಹೆಸರು ಬರೆಸುತ್ತಾಳೆಯೇ? ಲೈಸೆನ್ಸ್ ಇಲ್ಲದ್ದೇ ಹೊಸ ಅಪರಾಧವಾಗುತ್ತದೆ. ಮಾಮೂಲಿ ವಸೂಲಿಗೆ ಹೊಸ ನೆಪ ಸಿಗುತ್ತದೆ.

ಸ್ವೀಡನ್ 1999ರಿಂದ ಕೊಳ್ಳುವವನನ್ನು ಶಿಕ್ಷಿಸುತ್ತದೆ, ಹೆಂಗಸನ್ನಲ್ಲ. ಅದರಲ್ಲಿ ನ್ಯಾಯವಿದೆ, ಆದರೆ ಗಿರಾಕಿ ಹೆದರಿದಷ್ಟೂ ಹೆಂಗಸು ಕತ್ತಲ ಮೂಲೆಗೆ ಹೋಗಬೇಕಾಗುತ್ತದೆ. ನನ್ನ ಮನಸ್ಸು ವಾಲುವುದು ನ್ಯೂಜಿಲೆಂಡಿನ 2003ರ ಕಾಯ್ದೆಯ ಕಡೆ. ಅಲ್ಲಿ ನಾಲ್ವರವರೆಗೆ ಹೆಂಗಸರು ಯಜಮಾನನಿಲ್ಲದೆ, ಲೈಸೆನ್ಸಿಲ್ಲದೆ ಒಟ್ಟಿಗೆ ದುಡಿಯಬಹುದು. ಹೊಡೆದವನ ಮೇಲೆ ಅಂಜದೆ ದೂರು ಕೊಡಬಹುದು. ಮಾರಾಟ ಮಾಡುವವನಿಗೆ, ಮಕ್ಕಳನ್ನು ತಳ್ಳುವವನಿಗೆ ಮಾತ್ರ ಕನಿಕರ ಬೇಡ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಇರುವುದೇ ಅವರಿಗಾಗಿ.

ಪ್ರಶ್ನೆ: ನಮ್ಮ ಬಳಗದ ಹೆಂಗಸೊಬ್ಬಳನ್ನು ಬೆಂಗಳೂರಿನ ದಾಳಿಯಲ್ಲಿ ಹಿಡಿದು ಆಶ್ರಯ ಗೃಹದಲ್ಲಿಟ್ಟಿದ್ದಾರೆ. ವಯಸ್ಕಳು. ಬಿಡಿಸಿಕೊಳ್ಳಬಹುದೇ?
– ಓದುಗರು, ಪಾವಗಡ

ಉತ್ತರ: ಮೊದಲು ಆಕೆಯನ್ನೇ ಕೇಳಿ. ಯಾರಾದರೂ ಮೋಸದಿಂದ ತಂದು ಮಾರಿದ್ದರೆ ಅದನ್ನು ಮ್ಯಾಜಿಸ್ಟ್ರೇಟರ ಮುಂದೆ ಹೇಳಲಿ. ಅನೈತಿಕ ವ್ಯವಹಾರ ತಡೆ ಕಾಯ್ದೆಯ 17ನೇ ಕಲಮಿನ ಪ್ರಕಾರ ವಿಚಾರಣೆಗೆಂದು ಮೂರು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅದಾದ ಮೇಲೆ ವರ್ಷಗಟ್ಟಲೆ ಗೃಹದಲ್ಲಿಡುವ ಆದೇಶ ಬಂದರೆ ಮೇಲಿನ ಕೋರ್ಟಿಗೆ ಹೋಗಬಹುದು. 2020ರಲ್ಲಿ ಬಾಂಬೆ ಹೈಕೋರ್ಟ್ ಹೀಗೆ ಇರಿಸಿದ್ದ ಮೂವರು ವಯಸ್ಕ ಹೆಂಗಸರನ್ನು ಬಿಡುಗಡೆ ಮಾಡಿತು. ಸುಪ್ರೀಂ ಕೋರ್ಟಿನ 2022ರ ಆದೇಶವೂ ಒಲ್ಲದ ಮನಸ್ಸಿನಿಂದ ಒಳಗಿರುವ ವಯಸ್ಕರ ಸಮೀಕ್ಷೆಗೆ ಹೇಳಿದೆ.

ದಾಳಿಯಲ್ಲಿ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಇದ್ದರೇ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅರ್ಜಿ ಆಕೆಯ ಹೆಸರಿನಲ್ಲೇ, ಆಕೆಯ ಸಹಿಯಿಂದಲೇ ಹೋಗಲಿ. ಬಿಡುಗಡೆಯಾದ ಮೇಲೆ ಎಲ್ಲಿರಬೇಕೆಂಬುದನ್ನೂ ಆಕೆಯೇ ಹೇಳಲಿ.