ಗಡಿಯೂರಿನಿಂದ ಒಂದು ದಿನದ ಪ್ರವಾಸಗಳು: ತಡಸದ ಸುತ್ತಣ ಪಾಠ

ನಮ್ಮ ಭಾಗದ ಪ್ರೌಢಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸವೆಂದರೆ ಮೈಸೂರು, ಹಳೇಬೀಡು ಇಲ್ಲವೆ ಜೋಗ ಎಂಬ ರೂಢಿ ಬೆಳೆದು ಬಂದಿದೆ. ಅವನ್ನು ನೋಡಬಾರದೆಂದಲ್ಲ. ಆದರೆ ಅಷ್ಟು ದೂರದ ಪ್ರವಾಸದ ವಂತಿಗೆಯನ್ನು ಕೊಡಲಾರದ ಮಕ್ಕಳು ಊರಿನಲ್ಲಿಯೇ ಉಳಿಯುತ್ತಾರೆ. ಹೋದವರು ಅರ್ಧ ದಾರಿಯನ್ನು ನಿದ್ರೆಯಲ್ಲಿ ಕಳೆಯುತ್ತಾರೆ. ಬುತ್ತಿ ಕಟ್ಟಿಕೊಂಡು ಮುಂಜಾನೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಷ್ಟು ಸಮೀಪದಲ್ಲಿ ಏನೇನಿದೆ ಎಂಬುದನ್ನು ಶಿಕ್ಷಕ ಬಂಧುಗಳೂ ದಾನಿ ಮಹನೀಯರೂ ಒಮ್ಮೆ ಎಣಿಸಿ ನೋಡಬೇಕೆಂಬುದೇ ಈ ಬರಹದ ಉದ್ದೇಶ.

ತಡಸವು ಗಡಿಯ ಊರು. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿಗೆ ಸೇರಿದ ಇದರ ಆಚೆಗೆ ಒಂದು ಕಡೆ ಧಾರವಾಡ ಜಿಲ್ಲೆ, ಇನ್ನೊಂದು ಕಡೆ ಉತ್ತರ ಕನ್ನಡ. ಪೂರ್ವಕ್ಕೆ ಎರೆಹೊಲಗಳ ಬಯಲು. ಪಶ್ಚಿಮಕ್ಕೆ ಮುಂಡಗೋಡದ ಕಾಡು. ಹಿಂದಿನ ಕಾಲದಲ್ಲಿ ಈ ಗಡಿಗಳು ಇನ್ನೂ ತೊಡಕಿನವಾಗಿದ್ದವು. ಧಾರವಾಡ ಜಿಲ್ಲೆ ಮುಂಬಯಿ ಆಧಿಪತ್ಯದಲ್ಲಿದ್ದಿತು. 1862ರವರೆಗೆ ಕನ್ನಡ ಜಿಲ್ಲೆ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಸವಣೂರು ನವಾಬರದು, ಕುಂದಗೋಳ ಜಮಖಂಡಿ ಸಂಸ್ಥಾನದ್ದು. 1948ರಲ್ಲಿ ಸಂಸ್ಥಾನಗಳು ವಿಲೀನವಾಗಿ, 1956ರಲ್ಲಿ ಏಕೀಕರಣವಾದ ಮೇಲೆಯೇ ಇವೆಲ್ಲ ಒಂದೇ ರಾಜ್ಯದ ನೆಲವಾದವು. ಕರ್ನಾಟಕ ಏಕೀಕರಣದ ಪಾಠವನ್ನು ಹೇಳಲು ಇದಕ್ಕಿಂತ ಒಳ್ಳೆಯ ನಕಾಶೆ ಬೇರೆ ದೊರೆಯಲಾರದು.

ಮೊದಲ ಪ್ರವಾಸ ಬಂಕಾಪುರಕ್ಕೆ ಆಗಲಿ. ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೆಯನ ಹೆಸರು ಹೊತ್ತ ಊರಿದು. ಅವನ ಮಗ ಲೋಕಾದಿತ್ಯನು ಇಲ್ಲಿಂದ ಆಳುತ್ತಿದ್ದನೆಂದು ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿಯಿಂದ ತಿಳಿಯುತ್ತದೆ. ಅದರ ಕಾಲ ಶಕ 820. ಗಂಗ ದೊರೆ ಎರಡನೆಯ ಮಾರಸಿಂಹನು ಸಿಂಹಾಸನವನ್ನು ತೊರೆದು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟದ್ದೂ ಇಲ್ಲಿಯೇ. ಆ ಸಂಗತಿಯನ್ನು ಹೇಳುವ ಶಾಸನ ಶ್ರವಣಬೆಳಗೊಳದಲ್ಲಿದೆ. ನಮ್ಮ ಮಕ್ಕಳು ಅಲ್ಲಿಯವರೆಗೆ ಹೋಗಿ ಆ ಕಂಬವನ್ನು ನೋಡಿ ಬರುತ್ತಾರೆ, ಬಂಕಾಪುರವನ್ನು ಮಾತ್ರ ಬಸ್ಸಿನ ಕಿಟಕಿಯಿಂದಲೂ ನೋಡಿರುವುದಿಲ್ಲ!

ಕೋಟೆಯೊಳಗೆ ಚಾಲುಕ್ಯರ ಕಾಲದ ನಗರೇಶ್ವರ ದೇವಾಲಯವಿದೆ. ಜನ ಅದನ್ನು ಅರವತ್ತು ಕಂಬದ ಗುಡಿಯೆಂದೇ ಕರೆಯುತ್ತಾರೆ. ಕಂಬಗಳನ್ನು ಎಣಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬೇಕು. ಲೆಕ್ಕದ ನೆಪದಲ್ಲಿ ಕಡೆತದ ನುಣುಪನ್ನು ಅವರು ಕೈಯಾರೆ ಮುಟ್ಟಿ ತಿಳಿಯುತ್ತಾರೆ. ಹದಿನಾರನೆಯ ಶತಮಾನದಲ್ಲಿ ಬಿಜಾಪುರದ ಸೈನ್ಯ ಈ ಕೋಟೆಯನ್ನು ಹಿಡಿಯಿತು. ಇಂದು ಕೋಟೆಯ ಆವರಣದಲ್ಲಿ ಖಿಲಾರಿ ದನಗಳ ತಳಿ ಸಂವರ್ಧನ ಕೇಂದ್ರವಿದ್ದು, ಅದರ ಮೇವಿನ ಹೊಲಗಳ ಆಸರೆಯಲ್ಲಿ ನವಿಲುಗಳು ಬೆಳೆದಿವೆ. ಸಮೀಪದ ಬಾಡ ಕನಕದಾಸರ ಜನ್ಮಸ್ಥಳ. ಮರಳುವಾಗ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಿಂದ ಮೂಡಿದ ಶಿಲ್ಪವನವನ್ನು ತೋರಿಸಬಹುದು. ಮಕ್ಕಳಿಗೆ ಕೋಟೆಗಿಂತ ಇದೇ ಹೆಚ್ಚು ಹಿಡಿಸುತ್ತದೆ ಎಂಬುದನ್ನು ಶಿಕ್ಷಕರು ಮುನಿಸಿಲ್ಲದೆ ಒಪ್ಪಿಕೊಳ್ಳಬೇಕು. ಹಳ್ಳಿಯ ಬಾಳುವೆಯನ್ನೇ ಅಲ್ಲಿ ಸಿಮೆಂಟಿನಲ್ಲಿ ನಿಲ್ಲಿಸಿದ್ದಾರೆ.

ಎರಡನೆಯದು ಶಿಶುನಾಳ. ಸಂತ ಷರೀಫರು (1819–1889) ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರೆಂಬುದು ನಮ್ಮ ವೃತ್ತಿಯವರು ಮರೆಯಬಾರದ ಮಾತು. ಕಳಸದ ಗೋವಿಂದ ಭಟ್ಟರು ಈ ಮುಸಲ್ಮಾನ ಶಿಷ್ಯನಿಗೆ ಗುರುಗಳಾದರು. ಹುಲಗೂರಿನ ಹಜರತ್ ಖಾದರಿಯವರು ಶಿಷ್ಯರಿಗೆ ಲಿಂಗದೀಕ್ಷೆಯನ್ನು ಕೊಡುತ್ತಿದ್ದರೆಂಬ ಪ್ರತೀತಿಯೂ ಈ ಸೀಮೆಯಲ್ಲಿದೆ. ಮಠದ ಶಾಲೆಯ ಮಕ್ಕಳು ಇಂಥ ಮಾತನ್ನು ಪುಸ್ತಕದಲ್ಲಿ ಓದುವುದು ಬೇರೆ, ಗದ್ದುಗೆಯ ಮುಂದೆ ಎರಡೂ ಸಮಾಜದವರು ಕಾಯಿ ಒಡೆಸಿ, ಸಕ್ಕರೆ ಹಂಚಿ ನಿಂತದ್ದನ್ನು ಕಣ್ಣಾರೆ ಕಾಣುವುದು ಬೇರೆ. ಹೊತ್ತು ಉಳಿದರೆ ಕುಂದಗೋಳಕ್ಕೆ ಹೋಗಿ ಶಂಭುಲಿಂಗ ದೇವಾಲಯವನ್ನು ನೋಡಬಹುದು. ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರ ಗುರುಗಳಾದ ಸವಾಯಿ ಗಂಧರ್ವರ ಊರದು.

ಸವಣೂರಿನಲ್ಲಿ ನವಾಬರ ಅವಶೇಷಗಳಿಗಿಂತ ದೊಡ್ಡಹುಣಸೆ ಕಲ್ಮಠದ ಅಂಗಳದ ಮರಗಳನ್ನೇ ಮೊದಲು ನೋಡಬೇಕು. ಆಫ್ರಿಕಾ ಮೂಲದ ಆ ದೈತ್ಯ ವೃಕ್ಷಗಳು ಮೂರು. ಮರದಿಂದಲೇ ಮಠಕ್ಕೆ ಹೆಸರು ಬಂದಿದೆ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಮೇಲಾಗಿ ಉರುಳಿತು. ಅದನ್ನು ಮತ್ತೆ ನೆಡುವ ಪ್ರಯತ್ನ ನಡೆಯಿತು. ಶತಮಾನಗಳ ಮರವೂ ಒಂದು ಮಳೆಯಲ್ಲಿ ಹೋಗಬಹುದಾದರೆ, ಮುಂದಿನ ವರ್ಷ ನೋಡೋಣವೆಂಬ ಮಾತಿಗೆ ಅರ್ಥವೇನು? ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ ಊರೂ ಇದೇ.

ಪಶ್ಚಿಮದ ದಾರಿ ಮುಂಡಗೋಡಕ್ಕೆ. ದೇಶವನ್ನು ತೊರೆದು ಬಂದ ಟಿಬೆಟ್ಟಿನ ಜನರಿಗೆ 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ, ಇಲ್ಲಿ ನೆಲೆ ದೊರೆಯಿತು. ಲ್ಹಾಸಾದ ಡ್ರೆಪುಂಗ್ ಮತ್ತು ಗಾಂದೆನ್ ಮಹಾಮಠಗಳು ಇಲ್ಲಿ ಮರಳಿ ತಲೆಯೆತ್ತಿವೆ. ಅಲ್ಲಿಯ ಬಾಲಭಿಕ್ಷುಗಳು ಅಂಗಳದಲ್ಲಿ ಚಪ್ಪಾಳೆ ತಟ್ಟಿ ತರ್ಕ ಮಾಡುವುದನ್ನು ಕಂಡರೆ ನಮ್ಮ ಮಠದ ಪ್ರಸಾದ ನಿಲಯದ ಹುಡುಗರು ಬೆರಗಾಗುತ್ತಾರೆ. ಅತ್ತಿವೇರಿಯ ಪಕ್ಷಿಧಾಮವೂ ಆ ಸೀಮೆಯಲ್ಲಿಯೇ ಇದೆ. ಚಳಿಗಾಲವೇ ಅದಕ್ಕೆ ತಕ್ಕ ಕಾಲ.

ಹಾನಗಲ್ಲು ತುಸು ದೂರ. ಬೆಳಗಿನ ಆರಕ್ಕೇ ಹೊರಡಬೇಕು. ತಾರಕೇಶ್ವರ ದೇವಾಲಯದ ಭುವನೇಶ್ವರಿಯ ಕಮಲವನ್ನು ನೋಡಲು ಮಕ್ಕಳನ್ನು ನೆಲದ ಮೇಲೆ ಅಂಗಾತ ಮಲಗಿಸಬೇಕು, ನಿಂತು ನೋಡಿದರೆ ಕತ್ತು ನೋಯುತ್ತದೆ. ಅಲ್ಲಿಂದ ವಿರಕ್ತಮಠಕ್ಕೆ. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಕುಮಾರ ಸ್ವಾಮಿಗಳು ಇದ್ದ ಮಠವದು. ಈ ನಾಲ್ಕೈದು ಪ್ರವಾಸಗಳಲ್ಲಿ ಒಂದೊಂದರ ಬಸ್ಸಿನ ಖರ್ಚನ್ನು ಒಬ್ಬೊಬ್ಬ ಹಳೆಯ ವಿದ್ಯಾರ್ಥಿ ವಹಿಸಿಕೊಂಡರೂ ವಂತಿಗೆಯ ಪಟ್ಟಿಯನ್ನು ಬರೆಯುವ ಅಗತ್ಯವೇ ಬೀಳುವುದಿಲ್ಲ. ಬುತ್ತಿಯನ್ನು ಮಕ್ಕಳು ಮನೆಯಿಂದಲೇ ತರುತ್ತಾರೆ.