ಇಂಗಾಲದ ನೂಲಿಗೆ ಗ್ರಾಫೀನಿನ ಆಸರೆ

ಕೂದಲಿಗಿಂತ ಎಷ್ಟೋ ತೆಳುವಾದ ಇಂಗಾಲದ ನೂಲುಗಳನ್ನು ಪದರಪದರವಾಗಿ ಹಾಸಿ ರಾಳದಿಂದ ಬೆಸೆದರೆ ವಿಮಾನದ ರೆಕ್ಕೆಗೆ ತಕ್ಕ ಹಲಗೆಯಾಗುವುದು. ನೂಲು ಎಳೆತಕ್ಕೆ ಸುಲಭವಾಗಿ ಜಗ್ಗದು. ಆದರೆ ಪದರಗಳ ನಡುವೆ ಇರುವುದು ಬರಿಯ ರಾಳ. ಸುತ್ತಿಗೆಯೊಂದು ಜಾರಿ ಬಿದ್ದರೂ ಸಾಕು, ಮೇಲೆ ಗುರುತು ಕಾಣದೆ ಒಳಗೆ ಪದರಗಳು ಬಿಟ್ಟುಕೊಂಡಾವು. ಪ್ರಯಾಣಿಕರ ಪ್ರಾಣವೇ ಇದರ ಮೇಲಿರುವುದರಿಂದ ನಾವಿದನ್ನು ಅಲ್ಪವಿಷಯವೆಂದೆಣಿಸಲಾರೆವು.

2004ರಲ್ಲಿ ಮ್ಯಾಂಚೆಸ್ಟರಿನ ಗೈಮ್, ನೊವೊಸೆಲೊವ್ ಎಂಬ ಪಂಡಿತರು ಗ್ರಾಫೈಟಿನಿಂದ (ನಮ್ಮ ಬಾಲಿಕೆಯರ ಪೆನ್ಸಿಲಿನ ಕಪ್ಪು ಇದೇ) ಒಂದೇ ಪರಮಾಣುವಿನ ದಪ್ಪದ ಹಾಳೆಯನ್ನು ಅಂಟುಪಟ್ಟಿಯಿಂದ ಎಬ್ಬಿಸಿ ತೋರಿಸಿದರು, ಅದೇ ಗ್ರಾಫೀನ್. ಇದರ ಚೂರುಗಳನ್ನು ರಾಳದಲ್ಲಿ ಬೆರೆಸಿದರೆ ಬಿರುಕು ನೇರವಾಗಿ ಓಡಲಾರದೆ, ಒಂದೊಂದನ್ನೂ ಬಳಸಿ ಹೋಗುತ್ತ ಬಲಗುಂದುವುದು. ನೂರಕ್ಕೆ ಒಂದು ಪಾಲಿಗೂ ಕಡಮೆ ಸಾಕಾದೀತು. ಹೆಚ್ಚು ಸುರಿದರೆ, ಬಿಸಿನೀರಿಗೆ ಬಿದ್ದ ಹಿಟ್ಟು ಗಂಟಾಗುವಂತೆ ಚೂರುಗಳು ಮುದ್ದೆಗಟ್ಟಿ, ಆ ಗಂಟಿನಿಂದಲೇ ಬಿರುಕು ಹುಟ್ಟುವುದು. ಸಮನಾಗಿ ಹರಡುವುದೇ ಇದರಲ್ಲಿ ಕಷ್ಟದ ಕೆಲಸ.